ಗಪ್‌ಚುಪ್ ಸಂಘದ ಗಾಲಿಕುರ್ಚಿ

ಗಾಲಿಕುರ್ಚಿ ಅಂದಮೇಲೆ ಮಡಚಬೇಕು. ಮಡಚಿದ್ದರೆ ಚೌರಪ್ಪ ಅದನ್ನು ಎರಡು ಗೋಣಿಚೀಲದಲ್ಲಿ ಸುತ್ತಿ, ಮೇಲೊಂದು ಹಗ್ಗ ಬಿಗಿದು, ಯಾರ ಕಣ್ಣಿಗೂ ಬೀಳದೆ ಸಾಗಿಸಿಬಿಡುತ್ತಿದ್ದ. ಈ ಕತೆಯೂ ಇರುತ್ತಿರಲಿಲ್ಲ. ಆದರೆ ಆ ಕುರ್ಚಿಯ ಕೀಲು ತುಕ್ಕು ಹಿಡಿದಿತ್ತು. ಎಣ್ಣೆ ಹಾಕಿದ, ಸುತ್ತಿಗೆಯಿಂದ ಬಡಿದ, ಕೊನೆಗೆ ಕೈಮುಗಿದ. ಸಂತೆಯಲ್ಲಿ ಹಠ ಹಿಡಿದ ಎಮ್ಮೆಯ ಹಾಗೆ ಅದು ಅವನ ಪಂಕ್ಚರ್ ಅಂಗಡಿಯ ಮುಂದೆ ನಾಲ್ಕೂ ಗಾಲಿ ಊರಿ ನಿಂತೇ ಇತ್ತು.

ಕುರ್ಚಿ ಹಗರಿಬೊಮ್ಮನಹಳ್ಳಿಯ ಸಂತ ಅಂತೋಣಿ ಸಹೋದರ ಸಂಘದ್ದು. ಸಂಘ ಅಂದರೆ ಹದಿನಾಲ್ಕು ಮಂದಿ. ಗಾರೆಯವರು, ಮಾಸ್ತರರು, ಒಬ್ಬ ಕಾಂಪೌಂಡರು, ಒಬ್ಬ ಬ್ಯಾಂಡ್ ಬಾರಿಸುವವನು. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದೆ ಬೇವಿನ ಮರದ ಕೆಳಗೆ ಕೂತು, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾವ ಅಜ್ಜಿಗೆ ಕನ್ನಡಕ ಬೇಕು ಎಂದು ತಲೆ ಕೆಡಿಸಿಕೊಳ್ಳುವವರು. ಜಾತಿ ಕೇಳುವುದಿಲ್ಲ, ಚರ್ಚಿಗೆ ಬಾ ಅನ್ನುವುದಿಲ್ಲ. ಈಗಿನ ಕಾಲದಲ್ಲಿ ಒಂದು ಡಜನ್ ಬಾಳೆಹಣ್ಣು ಕೊಡಲು ಹದಿನೈದು ಜನ ಹೋಗುತ್ತಾರೆ. ರೋಗಿ ನರಳುತ್ತಿದ್ದರೂ ಬಿಡದೆ, "ಸ್ವಲ್ಪ ಈ ಕಡೆ ನೋಡ್ರಿ" ಎಂದು ಫೋಟೋ ಹೊಡೆಸಿಕೊಂಡು, ರಾತ್ರಿಯೊಳಗೆ ಊರ ತುಂಬಾ ಫ್ಲೆಕ್ಸ್ ಕಟ್ಟುತ್ತಾರೆ. ಹಣ್ಣಿಗಿಂತ ಫ್ಲೆಕ್ಸೇ ದೊಡ್ಡದು. ಅಂಥವರ ನಡುವೆ ಈ ಹದಿನಾಲ್ಕು ಮಂದಿ ಕಳ್ಳರ ಹಾಗೆ ಹಿತ್ತಲ ಬಾಗಿಲಿನಿಂದ ಹೋಗಿ ಅಕ್ಕಿ ಇಟ್ಟು ಬರುತ್ತಿದ್ದರು. ಅದಕ್ಕೇ ಊರಿನವರು ಇಟ್ಟ ಹೆಸರು ಗಪ್‌ಚುಪ್ ಸಂಘ.

ಸಂಘಕ್ಕೆ ಎರಡು ಕಟ್ಟಳೆ. ಯಾರಿಗೆ ಏನು ಕೊಟ್ಟೆವು ಎಂಬುದು ಸಂಘದವರ ಬಾಯಿಂದ ಬರಬಾರದು. ಅದಕ್ಕಿಂತ ದೊಡ್ಡದು ಇನ್ನೊಂದು: ವಸ್ತು ಕೊಟ್ಟವನಿಗೆ, ಅದು ಯಾರ ಮನೆಗೆ ಹೋಯಿತು ಎಂದು ಯಾವತ್ತಿಗೂ ತಿಳಿಯಬಾರದು.

"ಕೊಟ್ಟಾವ ಎದುರಿಗೆ ಬಂದ್ರ ಇಸಗೊಂಡಾವ ತಲಿ ತಗ್ಗಿಸಬೇಕಾಗತೈತಿ," ಎನ್ನುತ್ತಿದ್ದರು ಅಧ್ಯಕ್ಷ ರಾಯಪ್ಪ ಮಾಸ್ತರು. "ನಾವು ಅಕ್ಕಿ ಕೊಡೋದು ಹೊಟ್ಟಿಗೆ. ಬದಲಿಗೆ ಅವರ ತಲಿ ಇಸಗೋಬಾರದು."

ಚೌರಪ್ಪ ಈ ಸಂಘಕ್ಕೆ ಸೇರಿ ಮೂರೇ ವಾರವಾಗಿತ್ತು. ಸೇರಿದ್ದಕ್ಕೆ ಕಾರಣ ಲೂರ್ದು ಮೇರಿ. ಅವನು ಹರಪನಹಳ್ಳಿಯ ಹಬ್ಬಕ್ಕೆ ಹೋದಾಗ ಅವಳ ಸ್ಕೂಟಿ ಪಂಕ್ಚರ್ ಆಗಿತ್ತು. ಚೌರಪ್ಪ ಸರಿಮಾಡಿಕೊಟ್ಟ. ಅವಳು ನಕ್ಕಳು. ಟೈರಿನ ಮೊಳೆ ಹೊರಗೆ ಬಂತು, ಅವನ ಎದೆಯೊಳಗೊಂದು ಸಿಕ್ಕಿಕೊಂಡಿತು. ಮೂವತ್ತೊಂದು ತುಂಬಿದ ಮೇಲೆ ಸಿಕ್ಕಿಕೊಂಡ ಮೊಳೆ ಸುಲಭಕ್ಕೆ ಬರುವುದಿಲ್ಲ. ಅವಳಪ್ಪ ಅರುಳಪ್ಪ ಹರಪನಹಳ್ಳಿಯಲ್ಲಿ ಟೇಲರು. ಅಲ್ಲಿಯ ಸಂಘದ ಹಳೆಯ ತಲೆ. "ಹುಡುಗ ಸಂಘದಾಗೆ ಅದಾನೇನು?" ಎಂದು ಅವರು ಕೇಳಿದ್ದೇ ತಡ, ಚೌರಪ್ಪ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದ.

"ನಿನ್ನ ಬಾಯಿ ಹಳೇ ಟ್ಯೂಬಿದ್ದಂಗ," ಅಂದಿದ್ದರು ಮಾಸ್ತರು, ಆ ದಿನ ಬೆಳಿಗ್ಗೆ ಕುರ್ಚಿ ಒಪ್ಪಿಸುತ್ತಾ. "ಎಲ್ಲಿ ಮುಟ್ಟಿದ್ರ ಅಲ್ಲಿ ಗಾಳಿ ಬಿಡತೈತಿ. ಆದ್ರೂ ನೋಡೂಣು. ಈ ಕುರ್ಚಿ ತಂಬ್ರಹಳ್ಳಿ ಭರಮಮ್ಮಗ ಮುಟ್ಟಿಸು. ನಾಳೆ ಆಕಿನ್ನ ದವಾಖಾನಿಗೆ ಒಯ್ಯಬೇಕು, ಇವತ್ತಽ ಹೋಗ್ಬೇಕು. ಎಲ್ಲಿಂದ ಬಂತು ಅಂತ ಆಕಿ ಕೇಳಿದ್ರ ಹೇಳಬ್ಯಾಡ. ಯಾರಿಗೆ ಅಂತ ದಾರ್‍ಯಾಗ ಯಾರು ಕೇಳಿದ್ರೂ ಹೇಳಬ್ಯಾಡ."

ಇವತ್ತೇ ಮಧ್ಯಾಹ್ನ ಮೂರಕ್ಕೆ ಅರುಳಪ್ಪನವರು ಗಂಡಿನ ಮನೆ ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಲೂರ್ದು ಮೇರಿಯಿಂದ ಫೋನಿಗೆ ಮೆಸೇಜು ಬಂದಿತ್ತು: 'ಅಪ್ಪ ಜಾಸ್ತಿ ಮಾತಾಡಲ್ಲ. ನೀವೂ ಕಮ್ಮಿ ಮಾತಾಡಿ.'

ಚೌರಪ್ಪ ಅದನ್ನು ಏಳು ಸಲ ಓದಿಕೊಂಡು, ತುಟಿ ಬಿಗಿದು, ಕುರ್ಚಿಯ ಗಾಲಿಗೆ ಗಾಳಿ ಹೊಡೆಯುತ್ತಿದ್ದ. ಆಗ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಒಗ್ಗರಣಿ ಮಾರುವ ಪಕ್ಕದ ಅಂಗಡಿಯಿಂದ ಗೀತಮ್ಮ ಎಣ್ಣೆ ಸೋಸುವ ಜಾಲಿ ಸೌಟು ಹಿಡಿದುಕೊಂಡೇ ಬಂದಳು. ಗೀತಮ್ಮನ ಅಂಗಡಿಗೂ ಚೌರಪ್ಪನ ಅಂಗಡಿಗೂ, ಅಂಗಡಿಯ ಹಿಂದೆಯೇ ಇದ್ದ ಅವಳ ಮನೆಗೂ ಅವನ ಮನೆಗೂ ನಡುವೆ ಒಂದೊಂದೇ ಗೋಡೆ. ಆ ಗೋಡೆಗಳು ಗೀತಮ್ಮನ ಕಿವಿಗೆ ಯಾವತ್ತೂ ಅಡ್ಡ ಬಂದದ್ದಿಲ್ಲ.

"ಯಾರಿಗಲೇ ಚೌರಪ್ಪಾ ಅದು?"

"ಹೇಳಂಗಿಲ್ಲ ಯಕ್ಕ."

"ನಿಮ್ಮವ್ವಗೇನು?"

ಅಷ್ಟರಲ್ಲಿ ಅವನವ್ವ ಜ್ಞಾನಮ್ಮ ಎರಡೂ ಕೈಯಲ್ಲಿ ತುಂಬಿದ ಕೊಡ ಹಿಡಿದು, ಮಗನನ್ನು ಬೈಯುತ್ತಾ, ಬಿರಬಿರನೆ ಹಾದು ಹೋದಳು. ಗೀತಮ್ಮ ಅವಳ ಕಾಲುಗಳನ್ನೇ ನೋಡಿ, ಅಲ್ಲವೆಂದು ತಲೆಯಾಡಿಸಿ, ನಿಧಾನಕ್ಕೆ ಚೌರಪ್ಪನ ಕಾಲುಗಳ ಕಡೆ ತಿರುಗಿದಳು.

"ಹೋದ ತಿಂಗಳು ಚರ್ಚಿನ ಗಂಟಿಗೆ ಹಗ್ಗ ಕಟ್ಟಾಕ ಹೋಗಿ ಏಣಿ ಮ್ಯಾಲಿಂದ ಬಿದ್ದಿದ್ದಿ."

"ಎರಡು ಮೆಟ್ಟಲದು ಯಕ್ಕ. ಏನೂ ಆಗಿಲ್ಲ."

"ಒಳಗ ಆಗಿರತೈತಿ. ಹೆಣ್ಣಿನ ಕಡ್ಯಾರಿಗೆ ಗೊತ್ತಾಗಬಾರದಂತ ಮುಚ್ಚಿಟ್ಟೀರಿ. ಯಪ್ಪಾ ಕೂಸೇ, ನನ್ನ ಮುಂದ ಹೇಳಾಕೇನು?"

"ಯಕ್ಕಾ, ಬೇಕಂದ್ರ ಕುಣದು ತೋರಸ್ತೀನಿ!"

"ಬ್ಯಾಡೋ ಮಾರಾಯ, ಇದ್ದದ್ದೂ ಮುರದೀತು," ಎಂದು ಗೀತಮ್ಮ ಕಣ್ಣಿಗೆ ಸೆರಗು ಹಚ್ಚಿದಳು. ಸೆರಗು ಕೆಳಗಿಳಿಯುವಷ್ಟರಲ್ಲಿ ಇನ್ನೊಂದು ಕೈಯಲ್ಲಿ ಫೋನಿತ್ತು.

ಬಸ್ ನಿಲ್ದಾಣದಲ್ಲಿ ತಂಬ್ರಹಳ್ಳಿ ಬಸ್ಸು ಕುರಿಹಟ್ಟಿಯ ಹಾಗೆ ತುಂಬಿತ್ತು. ಕಂಡಕ್ಟರ್ ತಿಪ್ಪೇಶ ಚೌರಪ್ಪನಿಗೆ ಗೊತ್ತಿದ್ದವನೇ. ಬೆಳಿಗ್ಗೆ ತಂಬ್ರಹಳ್ಳಿ ಟ್ರಿಪ್ಪು, ಸಂಜೆ ಹರಪನಹಳ್ಳಿ ಟ್ರಿಪ್ಪು. ಎರಡರ ನಡುವೆ ಗೀತಮ್ಮನ ಅಂಗಡಿಯಲ್ಲಿ ಮೆಣಸಿನಕಾಯಿ.

"ಖಾಲಿ ಕುರ್ಚಿಗೆ ಜಾಗ ಇಲ್ಲಪಾ," ಅಂದ ತಿಪ್ಪೇಶ. "ಮನುಷ್ಯಾ ಕುಂತಿದ್ರ ಮಾತು ಬ್ಯಾರೆ. ಮಂದಿ ತಾವಽ ಸರದು ಜಾಗ ಬಿಡ್ತಾರ."

ಚೌರಪ್ಪ ಗಡಿಯಾರ ನೋಡಿದ. ಈ ಬಸ್ಸು ತಪ್ಪಿದರೆ ಮುಂದಿನದು ಹನ್ನೆರಡೂವರೆಗೆ. ಸುತ್ತ ನೋಡಿದ. ಕಣ್ಣು ಮುಚ್ಚಿದ. ಕೂತ.

ಕೂತದ್ದಷ್ಟೇ. ನಾಲ್ಕು ಜನ ಓಡಿಬಂದು ಅವನನ್ನು ಕುರ್ಚಿಸಮೇತ ಎತ್ತಿ, ಸಣ್ಣ ದೇವರ ಉತ್ಸವದ ಹಾಗೆ ಬಸ್ಸಿನೊಳಗೆ ಇಳಿಸಿದರು. ಒಬ್ಬಳು ಅಜ್ಜಿ ಸೊಂಟದ ಚೀಲದಿಂದ ದೇವರ ಭಂಡಾರದ ಅರಿಶಿನ ತೆಗೆದು ಅವನ ಎರಡೂ ಮೊಣಕಾಲಿಗೆ ಹಚ್ಚಿದಳು. ಇನ್ನೊಬ್ಬ, "ಇಷ್ಟು ಸಣ್ಣ ವಯಸ್ಸಿಗೆ..." ಎಂದು ಅರ್ಧ ಬಾಳೆಹಣ್ಣು ಬಾಯಿಗೇ ತುರುಕಿದ. ಕಮ್ಮಿ ಮಾತಾಡಿ ಅಂದಿದ್ದಳಲ್ಲ ಲೂರ್ದು ಮೇರಿ, ಮಾತಾಡಲು ಬಾಯಿಯೂ ಉಳಿಯಲಿಲ್ಲ.

ಹಿಂದಿನ ಸೀಟಿನಿಂದ ಒಂದು ಒರಟು ಕೈ ಬಂದು ಚೌರಪ್ಪನ ಬಲಗಾಲಿನ ಮೀನಖಂಡ ಹಿಚುಕಿತು.

"ಅವ್ವಾ!"

"ಹಾಂ. ಇಲ್ಲಿ ಐತಿ ನೋಡು," ಎಂದಿತು ಕೈಯ ಮಾಲೀಕನ ಧ್ವನಿ. ಅವನು ತಂಬ್ರಹಳ್ಳಿಯ ಗಾದಿಲಿಂಗಪ್ಪ, ಎಲುಬು ಕಟ್ಟುವವನು. ಸುತ್ತಲಿನ ಹತ್ತು ಹಳ್ಳಿಯ ಕುರಿಗಳ ಮುರಿದ ಕಾಲು ನಿಲ್ಲಿಸಿದ ಕೈ ಅದು.

"ನನ್ನ ಕಾಲು ಚಲೋ ಅದಾವ್ರಿ ಯಜಮಾನ್ರೆ!"

"ಎಲ್ಲಾರೂ ಮೊದಲು ಹಂಗಽ ಅಂತಾರ."

"ಖರೇವಂದ್ರೂ ಏನೂ ಆಗಿಲ್ಲ!"

"ಮತ್ತ ಕುರ್ಚಿ ಯಾರದು?"

ಚೌರಪ್ಪ ಬಾಯಿ ತೆರೆದ. ಭರಮಮ್ಮನ ಹೆಸರು ನಾಲಿಗೆಯ ತುದಿಗೆ ಬಂದು, ಬಾಗಿಲ ಬಳಿ ನೂಕಾಡುವ ಪ್ರಯಾಣಿಕನ ಹಾಗೆ ಹೊರಗೆ ಇಣುಕಿತು. ಬಸ್ಸಿನ ಅರ್ಧ ಜನ ತಂಬ್ರಹಳ್ಳಿಯವರೇ. ಬಾಯಿ ಮುಚ್ಚಿದ.

"ನೋಡಿದ್ರ್ಯಾ? ಉತ್ತರಿಲ್ಲ," ಎಂದ ಗಾದಿಲಿಂಗಪ್ಪ ಬಸ್ಸಿಗೆಲ್ಲ ಕೇಳುವ ಹಾಗೆ. "ನಾಚಿಕಿ ಪಾಪ."

ತಂಬ್ರಹಳ್ಳಿಯಲ್ಲಿ ಮತ್ತೆ ಎತ್ತಿ ಇಳಿಸಿದರು. ಕುರ್ಚಿ ನೆಲ ಮುಟ್ಟುವ ಮೊದಲೇ ಗಾದಿಲಿಂಗಪ್ಪ ಅದನ್ನು ತನ್ನ ಮನೆಯ ಕಟ್ಟೆಗೆ ನೂಕಿಕೊಂಡು ಹೋಗಿದ್ದ. ಮೊಟ್ಟೆ ಒಡೆದ, ಬಿಳಿಗೆ ಉದ್ದಿನ ಹಿಟ್ಟು ಕಲಸಿದ, ಬಟ್ಟೆ ಸುತ್ತಿದ, ತೊಡೆಯಿಂದ ಹಿಮ್ಮಡಿವರೆಗೆ ಬಿದಿರಿನ ದಬ್ಬೆ ಇಟ್ಟು ಬಿಗಿದ. ಇಬ್ಬರು ಹೆಗಲು ಹಿಡಿದಿದ್ದರು. ಚೌರಪ್ಪ ಅರಚಿದ್ದೆಲ್ಲ ನೋವಿನ ಲೆಕ್ಕಕ್ಕೆ ಹೋಯಿತು.

"ಕುರಿಗೂ ಮನಿಷ್ಯಾಗೂ ಎಲುಬು ಒಂದಽ," ಎಂದ ಗಾದಿಲಿಂಗಪ್ಪ ಕೊನೆಯ ಗಂಟು ಹಾಕುತ್ತಾ. "ಕುರಿ ಬಾಯಿ ಮುಚ್ಚಿಕೊಂಡಿರತೈತಿ, ಅಷ್ಟಽ ಫರಕು. ಇಪ್ಪತ್ತೊಂದು ದಿನ ಬಿಚ್ಚಬ್ಯಾಡ. ರೊಕ್ಕ ಬ್ಯಾಡ, ಹೋಗು."

ಬಿಸಿಲಿಗೆ ಉದ್ದಿನ ಹಿಟ್ಟು ಸಿಮೆಂಟಿನ ಹಾಗೆ ಗಟ್ಟಿಯಾಯಿತು. ಮಧ್ಯಾಹ್ನ ಏರಿ ಓಣಿಯಲ್ಲಿ ಜನ ಒಳಗೆ ಸೇರಿದ ಮೇಲೆ, ಚೌರಪ್ಪ ಒಂದು ಕಾಲನ್ನು ತೋಪಿನ ಹಾಗೆ ಮುಂದೆ ಚಾಚಿಕೊಂಡು, ಎರಡೂ ಕೈಯಿಂದ ಗಾಲಿ ತಿರುಗಿಸುತ್ತಾ, ನೀರಿನ ಟ್ಯಾಂಕಿನ ಹಿಂದಿದ್ದ ಭರಮಮ್ಮನ ಮನೆ ಸೇರಿದ.

ಭರಮಮ್ಮ ಒಂಟಿ ಮುದುಕಿ. ಸಕ್ಕರೆ ಕಾಯಿಲೆಗೆ ಎಡಗಾಲಿನ ಪಾದ ಹೋಗಿ ವರ್ಷವಾಗಿತ್ತು. ಬಾಗಿಲೊಳಗಿನ ಕತ್ತಲೆಯಿಂದ ಅವಳು ಮೊದಲು ಕುರ್ಚಿ ನೋಡಿದಳು, ಆಮೇಲೆ ದಬ್ಬೆ ಕಟ್ಟಿದ ಕಾಲು ನೋಡಿದಳು.

"ಯಾರಪಾ ತಮ್ಮಾ? ಏನಾತು ಕಾಲಿಗೆ?"

"ಅಜ್ಜೀ, ಈ ಕುರ್ಚಿ ನಿನಗ."

"ನಿನ್ನ ಕುರ್ಚಿ ನನಗ ಕೊಟ್ಟು ನೀ ಹೆಂಗ ಹೋಗ್ತೀ? ನನಗ ಬ್ಯಾಡ. ನನ್ನದು ಮುಗದದ್ದು, ನಿಂದು ಹರೇದ ವಯಸ್ಸು."

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಚೌರಪ್ಪ ಎದ್ದು ನಿಂತು, ದಬ್ಬೆ ಕಟ್ಟಿದ ಕಾಲನ್ನು ಒನಕೆಯ ಹಾಗೆ ನೆಲಕ್ಕೆ ಕುಟ್ಟುತ್ತಾ ಅಂಗಳದ ತುಂಬಾ ಕುಣಿದು ತೋರಿಸಿದ. ಭರಮಮ್ಮ ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಅವಳನ್ನು ಎತ್ತಿ ಕೂರಿಸಿ, ಹೊಸ್ತಿಲು ದಾಟಿಸಿ, ಬಾಗಿಲ ಮುಂದೆ ತಂದ. ಅವಳು ಬಹಳ ಹೊತ್ತು ಓಣಿಯನ್ನು ನೋಡಿದಳು.

"ಆ ಬಸಣ್ಣನ ಮನಿಗೆ ಬಣ್ಣ ಯಾವಾಗ ಬಡದ್ರು?" ಅಂದಳು. ಮತ್ತೆ ಸ್ವಲ್ಪ ಹೊತ್ತಿಗೆ, "ಕೊಟ್ಟವರ ಹೆಸರರ ಹೇಳು. ಒಂದು ಕೈ ಮುಗೀತೀನಿ."

"ಹೆಸರಿಲ್ಲಜ್ಜಿ. ನೀ ಯಾರಿಗೂ ಕೈ ಮುಗಿಯೋದು ಬ್ಯಾಡ."

ಅವಳು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಕಂಕುಳಲ್ಲಿಟ್ಟುಕೊಂಡು ಚೌರಪ್ಪ ಹೊರಟ. ತಾನು ಒಂದು ಮಾತೂ ಸೋರದೆ ಕೆಲಸ ಮುಗಿಸಿದ್ದೇನೆ ಎಂಬ ಹೆಮ್ಮೆಗೆ ಎದೆ ಹೊಸ ಟ್ಯೂಬಿನ ಹಾಗೆ ಉಬ್ಬಿತ್ತು. ಕಾಲು ಮಾತ್ರ ಮಡಚುತ್ತಿರಲಿಲ್ಲ. ಬೆಳಿಗ್ಗೆ ಮಡಚದ ಕುರ್ಚಿಯನ್ನು ಬಡಿದದ್ದಕ್ಕೆ ಅದು ತನ್ನ ರೋಗವನ್ನು ಇವನಿಗೆ ಅಂಟಿಸಿ ಹೋಗಿತ್ತು.

ಗಾದಿಲಿಂಗಪ್ಪನ ಗಂಟು ಕೈಗೆ ಬಿಚ್ಚುವಂಥದ್ದಲ್ಲ, ಕುಡುಗೋಲು ಬೇಕು. ಸಿಕ್ಕ ಟ್ರ್ಯಾಕ್ಟರು, ಸಿಕ್ಕ ಲಗೇಜ್ ಆಟೋ ಹತ್ತಿ ಊರು ಮುಟ್ಟುವಾಗ ಮೂರೂಮುಕ್ಕಾಲು. ಮನೆಯೊಳಗೆ ಅರುಳಪ್ಪನವರು ಮತ್ತು ಇಬ್ಬರು ಹಿರಿಯರು ಚಹಾ ಕುಡಿದು ಲೋಟ ಕೆಳಗಿಟ್ಟಿದ್ದರು. ಜ್ಞಾನಮ್ಮ ಅಡುಗೆಮನೆ ಬಾಗಿಲಿಗೆ ಒರಗಿದ್ದಳು. ಅವಳ ಪಕ್ಕ, ಯಾರೂ ಕರೆಯದಿದ್ದರೂ, ಗೀತಮ್ಮ.

ಚೌರಪ್ಪ ಹೊಸ್ತಿಲು ದಾಟಲು ಕಾಲನ್ನು ಸುತ್ತಿ ಬಳಸಿ ಒಳಗಿಡುವುದಕ್ಕೂ, "ನೋಡ್ರಿ, ನಾ ಹೇಳಲಿಲ್ಲಾ?" ಎಂದು ಗೀತಮ್ಮ ಅನ್ನುವುದಕ್ಕೂ ಸರಿಹೋಯಿತು. "ಬೆಳಿಗ್ಗೆ ಕುರ್ಚಿ ಮ್ಯಾಲ ಹೋದ ಹುಡುಗ, ಕಂಡಕ್ಟರ್ ತಿಪ್ಪೇಶಽ ಹೇಳ್ಯಾನ. ಈಗ ಕಟ್ಟು ಹಾಕಿಸಿಕೊಂಡು ಬಂದಾನ. ನಾನಂತೂ ಸುಳ್ಳು ಹೇಳಾಕಿ ಅಲ್ಲ."

ಜ್ಞಾನಮ್ಮ ಗೊಳೋ ಎಂದಳು. ಹಿರಿಯರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಚಪ್ಪಲಿ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿದರು.

ಅರುಳಪ್ಪನವರು ಮಾತ್ರ ಮೆತ್ತಗೆ ಕೇಳಿದರು: "ಕೂತ್ಕಳಪ್ಪ. ಕಾಲಿಗೆ ಏನು ಮಾಡ್ಕಂಡೆ?"

"ಏನೂ ಇಲ್ರಿ."

"ಏನೂ ಇಲ್ದಂಗೆ ಯಾರಾದ್ರೂ ದಬ್ಬೆ ಕಟ್ತಾರಾ?"

"ಕಟ್ಟಿದ್ರು ರೀ."

"ಕುರ್ಚಿ ಮೇಲೆ ಹೋದೆ ಅಂತಾರಲ್ಲಪ್ಪ ಈಯಮ್ಮ."

ಚೌರಪ್ಪ ತುಟಿ ಕಚ್ಚಿದ. ಹಿರಿಯರು ಎದ್ದು ನಿಂತರು. ಒಬ್ಬರು, "ಬರ್ತೀವಮ್ಮ, ಬಸ್ಸಿಗೆ ಹೊತ್ತಾತು" ಅಂದರು. ಲೂರ್ದು ಮೇರಿಯ ನಗು, ಸ್ಕೂಟಿ, ಹರಪನಹಳ್ಳಿ ಎಲ್ಲವೂ ಹೊಸ್ತಿಲು ದಾಟಿ ಹೊರಟಂತೆ ಕಂಡಿತು. ಅವ್ವನ ಅಳು ಒಂದು ಸ್ವರ ಮೇಲೇರಿತು.

ಬೆಳಿಗ್ಗೆಯಿಂದ ಗಾಳಿ ತುಂಬಿ ತುಂಬಿ ಇಟ್ಟಿದ್ದ ಟ್ಯೂಬು ಒಡೆಯಿತು.

"ಕುರ್ಚಿ ನಂದಲ್ರೀ! ಸಂಘದ್ದು! ತಂಬ್ರಹಳ್ಳಿ ಭರಮಮ್ಮಗ ಕೊಡಾಕ ಹೋಗಿದ್ದೆ! ನೀರಿನ ಟ್ಯಾಂಕಿನ ಹಿಂದಿನ ಮನಿ, ಸಕ್ಕರಿ ಜಡ್ಡಿಗೆ ಕಾಲು ಹೋಗೈತಿ ಪಾಪ, ಒಂದು ವರ್ಷದಿಂದ ಓಣಿ ನೋಡಿದ್ದಿಲ್ಲ ಆಕಿ! ಬಸ್ಸಿನ್ಯಾಗ ಜಾಗ ಇಲ್ಲಂತ ಕುಂತೆ, ಆ ಗಾದಿಲಿಂಗಪ್ಪ ಹಿಡಕೊಂಡು ಕಟ್ಟಿಬಿಟ್ಟ! ನನ್ನ ಕಾಲು ಕಲ್ಲಿದ್ದಂಗ ಅದಾವ್ರಿ!"

 ಜ್ಞಾನಮ್ಮನ ಅಳು ನಿಂತಿತು. ಹಿರಿಯರು ಕೂತರು. ಚೌರಪ್ಪನಿಗೆ ಜೀವ ಬಂತು. ಜೀವ ಬಂದ ಮೇಲೆ ಅವನು ನಿಲ್ಲಿಸಬೇಕಿತ್ತು. ಆದರೆ ಎದುರಿಗಿದ್ದದ್ದು ಟೇಲರು ಮಾವ. ಒಂದು ಹೊಗಳಿಕೆ ಸೇರಿಸಿದರೆ ನಷ್ಟವೇನು?

"ಭಾಳ ಚಂದ ಕುರ್ಚಿ ರೀ. ಸೀಟು ಹರದಿತ್ತು, ಯಾರೋ ನೀಲಿ ರೆಗ್ಜಿನ್ ತ್ಯಾಪಿ ಹಾಕ್ಯಾರ. ಎಂಥಾ ಕೈ ಅಂತೀರಿ! ನಿಮ್ಮಂಥಾ ಟೇಲರು ನೋಡಿದ್ರ ಮೆಚ್ಚಿಕೋಬೇಕು."

"ಮೂರು ಸುತ್ತು ಹೊಲಿಗೆ?" ಎಂದರು ಅರುಳಪ್ಪನವರು.

"ಹೌದ್ರಿ! ನಿಮಗ ಹೆಂಗ ಗೊತ್ತಾತು?"

"ಕುರ್ಚಿ ಕೈ ಮೇಲೆ ಸಣ್ಣದೊಂದು ಶಿಲುಬೆ ಕೊರೆದೈತೆ."

"ಹೌದ್ರಿ! ಬಲಗಡೆ!"

ಅರುಳಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಅದು ನಮ್ಮಮ್ಮನ ಕುರ್ಚಿ ಕಣಪ್ಪ. ಆಯಮ್ಮ ತೀರ್ಕಂಡ ಮೇಲೆ ನಾನೇ ನಿಮ್ಮೂರ ಸಂಘಕ್ಕೆ ಕೊಟ್ಟೆ. ತೇಪೆ ನಾನೇ ಹೊಲಿದದ್ದು."

ಚೌರಪ್ಪನಿಗೆ ಮೊದಲು ಸಂತೋಷವಾಯಿತು. ಆಮೇಲೆ ರಾಯಪ್ಪ ಮಾಸ್ತರ ಎರಡನೆಯ ಕಟ್ಟಳೆ, ಆ ದೊಡ್ಡ ಕಟ್ಟಳೆ, ನೆನಪಿಗೆ ಬಂತು. ಲೋಕದಲ್ಲಿ ಯಾರಿಗೆ ಹೇಳಿದ್ದರೂ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಹೇಳಲೇಬಾರದ ಒಬ್ಬನೇ ಒಬ್ಬ ಮನುಷ್ಯನನ್ನು ಅವನು ಹುಡುಕಿ, ಮನೆಯಲ್ಲಿ ಕೂರಿಸಿ, ಚಹಾ ಕೊಟ್ಟು ಹೇಳಿದ್ದ.

"ಇಪ್ಪತ್ತೆರಡು ವರ್ಷ ಆತು ಸಂಘದಾಗೆ," ಎಂದರು ಅರುಳಪ್ಪನವರು. "ಕೊಟ್ಟದ್ದು ಎಲ್ಲಿಗೆ ಹೋತು ಅಂತ ಒಂದು ದಿನ ಕೇಳ್ದೋನಲ್ಲ. ಈ ಭರಮಮ್ಮನ್ನ ನಾನು ಬಲ್ಲೆ. ತಂಬ್ರಹಳ್ಳಿ ಸಂತೆಗೆ ಕುಪ್ಪಸ ಮಾರಕ್ಕೆ ಹೋದ್ರೆ, ಐದು ರೂಪಾಯಿಗೆ ನನ್ನ ಅಜ್ಜ ಮುತ್ತಜ್ಜನ್ನೆಲ್ಲ ಬಯ್ಯೋ ಹೆಂಗಸು. ಒಂದು ವರ್ಷದಿಂದ ಸಂತೆಗೆ ಬರ್ಲಿಲ್ಲ, ಎಲ್ಲಿ ಹೋದಳೋ ಅಂತಿದ್ದೆ. ಇನ್ನು ಕುರ್ಚಿ ಮೇಲೆ ಬರ್ತಾಳೆ. ನನ್ನ ತೇಪೆ ಮೇಲೆ ಕೂತು ನನ್ನ ಬಯ್ತಾಳೆ. ಕೊಟ್ಟೋನು ನಾನೇ ಅಂತ ಆಯಮ್ಮನಿಗೇನಾದ್ರೂ ಗೊತ್ತಾದ್ರೆ, ಬಯ್ಯೋದು ಬಿಟ್ಟು ಕೈ ಮುಗೀತಾಳೆ. ಆ ಬೈಗುಳ ಹೋದ್ರೆ ನನಗೆ ಸಂತೆ ಯಾಕಪ್ಪ?"

ಚೌರಪ್ಪ ತಲೆ ತಗ್ಗಿಸಿದ.

"ಹುಡುಗ ಒಳ್ಳೇನೇ," ಅರುಳಪ್ಪನವರು ಜ್ಞಾನಮ್ಮನ ಕಡೆ ತಿರುಗಿದರು. "ದಿನವೆಲ್ಲ ಕುರಿ ಥರ ಕಟ್ಟಿಸ್ಕಂಡು ಬಾಯಿ ಬಿಡ್ಲಿಲ್ಲ, ಸಣ್ಣ ಮಾತಲ್ಲ. ಆದ್ರೆ ಕೊನೇ ಗೇಣು ತಡೀಲಿಲ್ಲ. ಆರು ತಿಂಗಳು ಹೋಗ್ಲಿ. ಇವತ್ತು ಈ ಮನಿಯಾಗೆ ಆಡಿದ ಮಾತು, ಆರು ತಿಂಗಳ ಮಾತು ಸೇರಿ, ಹೊರಗೆ ಬರಬಾರದು. ಬರ್ಲಿಲ್ಲ ಅಂದ್ರೆ ನಾನೇ ಬಂದು ತಾಂಬೂಲ ಇಡ್ತೀನಿ. ಬಂತು ಅಂದ್ರೆ, ನಮ್ಮ ಹುಡುಗಿಗೆ ಬೇರೆ ಕಡೆ ನೋಡ್ತೀವಿ."

ಚೌರಪ್ಪ ಎದೆ ಮುಟ್ಟಿಕೊಂಡು, ಶಿಲುಬೆ ಗುರುತು ಹಾಕಿಕೊಂಡು, ಮಾತಿಲ್ಲದೆ ತಲೆಯಾಡಿಸಿದ. ಹಿರಿಯರು ಹೊರಟರು. ಅವರನ್ನು ಬಾಗಿಲವರೆಗೆ ಕಳಿಸಿ ತಿರುಗಿ ನೋಡಿದಾಗ ಅಡುಗೆಮನೆ ಬಾಗಿಲಲ್ಲಿ ಅವ್ವ ಒಬ್ಬಳೇ ಇದ್ದಳು.

"ಗೀತಕ್ಕ ಎಲ್ಲಿ?"

"ಆಗಲೇ ಹೋದ್ಲು. ಅಂಗಡ್ಯಾಗ ಎಣ್ಣಿ ಇಟ್ಟು ಬಂದೀನಿ ಅಂದ್ಲು."

ಚೌರಪ್ಪ ಕುಡುಗೋಲು ತಂದು ದಬ್ಬೆಯ ಹಗ್ಗ ಕೊಯ್ಯುತ್ತಾ ಕೂತ. ಎರಡು ಗಂಟು ಬಿಚ್ಚಿದ್ದ, ಫೋನು ಹೊಡೆದುಕೊಂಡಿತು. ಅರುಳಪ್ಪನವರು. ಹಿಂದೆ ಬಸ್ಸಿನ ಸದ್ದು.

"ಚೌರಪ್ಪಾ, ಬಸ್ಸು ಇನ್ನೂ ನಿಮ್ಮೂರ ಗಡಿ ದಾಟಿಲ್ಲ. ಟಿಕೆಟ್ ಹರಿಯೋ ಕಂಡಕ್ಟರು, ಬಾಯಿ ತುಂಬ ಮೆಣಸಿನಕಾಯಿ ಇಟ್ಕಂಡು, 'ಆರು ತಿಂಗಳಂತಲ್ರೀ ಯಜಮಾನ್ರೆ, ಭರಮಮ್ಮ ಹೆಂಗದಾಳ?' ಅಂತ ನನ್ನೇ ಕೇಳ್ತಾ ಅದಾನೆ. ಯಾರು ಹೇಳಿದ್ರಪ್ಪ ಅವನಿಗೆ?"

ಗೀತಮ್ಮನ ಹೆಸರು ನಾಲಿಗೆಯ ತುದಿಗೆ ಬಂತು. ಇಷ್ಟು ಹೇಳಿದ್ದರೆ ಅವನು ಉಳಿಯುತ್ತಿದ್ದ. ಆದರೆ ಈ ಮನೆಯಲ್ಲಿ ನಡೆದದ್ದು ಯಾವುದೂ ಬಾಯಿಂದ ಬರಬಾರದು ಎಂದು ಎದೆ ಮುಟ್ಟಿ ಅರ್ಧ ಗಂಟೆಯೂ ಆಗಿರಲಿಲ್ಲ. ಚೌರಪ್ಪ ತುಟಿ ಬಿಗಿದ. ಆ ಕಡೆಯಿಂದ ಒಂದು ನಿಟ್ಟುಸಿರು ಬಂತು, ಫೋನು ಕಟ್ಟಾಯಿತು.

ಜೀವಮಾನದಲ್ಲಿ ಮೊದಲ ಸಲ ಅವನು ಪೂರ್ತಿ ಬಾಯಿ ಮುಚ್ಚಿಕೊಂಡಿದ್ದ.

ಗೋಡೆಯ ಆಚೆಯಿಂದ ಬಿಸಿ ಎಣ್ಣೆಯ ವಾಸನೆಯ ಜೊತೆ ಧ್ವನಿ ತೇಲಿಬಂತು. "ಯಾರದಪಾ ಚೌರಪ್ಪಾ ಫೋನು?"

"ಹೇಳಂಗಿಲ್ಲ ಯಕ್ಕ."

 ಆ ಕಡೆ ಜಾಲಿ ಸೌಟು ಕೆಳಗಿಟ್ಟ ಸದ್ದು, ಚಪ್ಪಲಿ ಮೆಟ್ಟಿದ ಸದ್ದು, ಅದು ರಸ್ತೆಯ ಕಡೆ ಬಿರಬಿರನೆ ಓಡಿದ ಸದ್ದು.